ಅಗ್ಗದ ಲ್ಯಾಪ್‌ಟಾಪ್ ಊರಿಗೆ ಒಯ್ಯುವ ಮೊದಲು

ರಜೆಯ ಟಿಕೆಟ್ ಆದ ಮೇಲೆ ನಾವೆಲ್ಲ ಮಾಡುವುದು ಒಂದೇ ಕೆಲಸ. ಹೈಪರ್‌ಮಾರ್ಕೆಟ್‌ನ ಆಫರ್ ನೋಡುವುದು. ಹಾಲಿನ ಪುಡಿ, ಬ್ಲ್ಯಾಂಕೆಟ್ ಎಲ್ಲ ಮುಗಿದು ಕಣ್ಣು ಲ್ಯಾಪ್‌ಟಾಪ್ ಮೇಲೆ ಬೀಳುತ್ತದೆ. ಮಗಳು ಕಾಲೇಜು ಸೇರಿದ್ದಾಳೆ, ಫೋನಿನಲ್ಲಿ ಎರಡು ಸಲ ಕೇಳಿಯೂ ಆಗಿದೆ. 600 ದಿರ್ಹಮ್‌ಗೆ ಹೊಸ ಲ್ಯಾಪ್‌ಟಾಪ್, ಬ್ಯಾಗ್ ಫ್ರೀ. 18 ವರ್ಷ ದಾಟಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪ್ ಒಯ್ದರೆ ಕಸ್ಟಮ್ಸ್ ಸುಂಕವೂ ಇಲ್ಲ. ಮತ್ತೆಂತ ಯೋಚನೆ?

ನಾವೂ ಹಾಗೇ ತೆಗೆದುಕೊಂಡವರು. ದಿನಾ ಕಂಪನಿಯ ಲೆಕ್ಕ ಬರೆಯುವ ನಮಗೇ ಮನೆಯ ಈ ಲೆಕ್ಕ ತಪ್ಪಿತು. 11 ಇಂಚಿನ ಸ್ಕ್ರೀನ್, 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ವಿಂಡೋಸ್ 11ಕ್ಕೆ ಕನಿಷ್ಠ ಬೇಕಾದದ್ದೇ ಇಷ್ಟು. ವಿಂಡೋಸ್ ಕುಳಿತ ಮೇಲೆ ಉಳಿದದ್ದಕ್ಕೆ ಜಾಗ ಎಲ್ಲಿ? ಮೊದಲ ವಾರವೇ ಟ್ಯಾಲಿ ಹಾಕಲು ಬಿಡಲಿಲ್ಲ. ‘ಎಸ್ ಮೋಡ್’ ಅಂತೆ, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಇರುವುದು ಮಾತ್ರ ಹಾಕಬಹುದು. ಅದನ್ನು ಸೆಟ್ಟಿಂಗ್ಸ್‌ನಲ್ಲಿ ಹಣ ಕೊಡದೆ ತೆಗೆಯಬಹುದು, ಆದರೆ ಮಾರುವವ ಅದನ್ನು ಹೇಳಿದ್ದಿಲ್ಲ. ಐದನೇ ತಿಂಗಳಲ್ಲಿ ಅಪ್‌ಡೇಟ್‌ಗೆ ಜಾಗ ಸಾಲದು ಅಂತ ನಿಂತುಬಿಟ್ಟಿತು. ಊರಿನ ರಿಪೇರಿಯವ ಬಿಚ್ಚಿ ನೋಡಿ, “ರ‍್ಯಾಮ್, ಸ್ಟೋರೇಜ್ ಎರಡೂ ಬೋರ್ಡಿಗೇ ಬೆಸುಗೆ ಹಾಕಿದ್ದು, ಬದಲಿಸ್ಲಿಕ್ಕೆ ಆಗುದಿಲ್ಲ” ಅಂದ. ಪರೀಕ್ಷೆಯ ಹೊತ್ತಿಗೆ ಮಗಳು ಗೆಳತಿಯ ಮನೆಗೆ ಹೋಗಿ ಪ್ರಾಜೆಕ್ಟ್ ಮುಗಿಸಿದಳು.

ಚಿಕ್ಕ ಲ್ಯಾಪ್‌ಟಾಪ್ ಕೆಟ್ಟದ್ದು ಅಂತಲ್ಲ. ಇಲ್ಲಿ ನಮ್ಮ ರೂಮಿನಲ್ಲಿ, ಬಂಕ್ ಬೆಡ್‌ನ ಮೇಲೆ ಕುಳಿತು ಸಿವಿ ತಿದ್ದಲಿಕ್ಕೆ, ಪಾಸ್‌ಪೋರ್ಟ್ ಅರ್ಜಿ ತುಂಬಲಿಕ್ಕೆ, ಶುಕ್ರವಾರ ಮನೆಯವರ ಮುಖ ನೋಡಲಿಕ್ಕೆ ಅದೇ ಸುಖ. ಹಗುರ, ಶಬ್ದವಿಲ್ಲ, ಬ್ಯಾಟರಿಯೂ ಬೇಗ ಇಳಿಯುವುದಿಲ್ಲ. ಆದರೆ ಮೂರು ವರ್ಷದ ಓದಿಗೆ ಅದು ಸಾಲದು.

ಅದೇ ಹಣಕ್ಕೆ, ಹೆಚ್ಚೆಂದರೆ ಇನ್ನೊಂದು ನೂರು ಸೇರಿಸಿದರೆ, ಆಫೀಸುಗಳಲ್ಲಿ ಬಳಸಿ ಬಿಟ್ಟ ಗಟ್ಟಿ ಲ್ಯಾಪ್‌ಟಾಪ್ ಇಲ್ಲೇ ಸಿಗುತ್ತದೆ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಕೇಳಿ. ಇಂಟೆಲ್ ಆದರೆ 8ನೇ ಜನರೇಶನ್ ಅಥವಾ ಅದಕ್ಕಿಂತ ಹೊಸದೇ ಇರಲಿ. ಅದಕ್ಕೂ ಹಳೆಯ ಹೆಚ್ಚಿನವಕ್ಕೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ತೂಕ ಜಾಸ್ತಿ, ಬ್ಯಾಟರಿ ಸೋತಿರಬಹುದು, ಕೀಬೋರ್ಡಿನಲ್ಲಿ ಅರಬಿ ಅಕ್ಷರವೂ ಇರುತ್ತದೆ. ಅಂಗಡಿಯಲ್ಲೇ ಒಂದು ಗಂಟೆ ಓಡಿಸಿ ನೋಡಿ, ಬಿಲ್ ಬರೆಸಿಕೊಳ್ಳಿ.

ನಮ್ಮನ್ನು ತಡೆಯುವುದು ಹಣ ಅಲ್ಲ, ಮರ್ಯಾದೆ. ಗಲ್ಫಿನಿಂದ ಬಂದವ ಹಳೆಯದು ತಂದ ಅಂತ ನೆಂಟರು ಆಡಿಕೊಂಡರೆ? ಸೀಲ್ ಒಡೆಯದ ಪೆಟ್ಟಿಗೆ ಎಲ್ಲರೆದುರು ಬಿಚ್ಚುವ ಆಸೆ ನಮಗೂ ಇತ್ತು ಮಾರ್ರೆ, ಸುಳ್ಳು ಯಾಕೆ ಹೇಳಬೇಕು. ಆ ಹೆಮ್ಮೆ ಒಂದು ಸಂಜೆಗೆ, ಹ್ಯಾಂಗ್ ಆಗುವ ಲ್ಯಾಪ್‌ಟಾಪ್ ಮಕ್ಕಳಿಗೆ ದಿನಾ.

ಕಳೆದ ರಜೆಯಲ್ಲಿ ಬಳಸಿದ್ದೇ ಒಯ್ದೆವು. ಮೇಲೆ ಯಾವುದೋ ಕಂಪನಿಯ ನಂಬರಿನ ಸ್ಟಿಕ್ಕರ್ ಇತ್ತು, ಎಷ್ಟು ಉಜ್ಜಿದರೂ ಹೋಗಲಿಲ್ಲ. ಮಗಳು ಅದರ ಮೇಲೆ ಒಂದು ಹೂವಿನ ಸ್ಟಿಕ್ಕರ್ ಅಂಟಿಸಿ, “ಆಯ್ತಲ್ಲ ಉಪ್ಪಾ, ಟ್ಯಾಲಿ ಹಾಕಿ ಕೊಡಿ” ಅಂದಳು.