ಕಾರ್ಡ್‌ಲೆಸ್ ಫೋನು ಕೊಳ್ಳುವ ಮುನ್ನ

ಮನೆಗೆ ಒಂದು ಯಂತ್ರವನ್ನು ಕೊಳ್ಳುವಾಗ, ಎಲ್ಲವೂ ಸರಿಯಿರುವ ದಿನ ಅದು ಹೇಗೆ ನಡೆದೀತು ಎಂಬುದನ್ನು ಎಲ್ಲರೂ ನೋಡುತ್ತಾರೆ. ದೀಪ ಆರಿದ ರಾತ್ರಿಯಲ್ಲಿ ಅದರ ಗತಿಯೇನು ಎಂದು ವಿಚಾರಿಸುವವರು ವಿರಳ. ಕಾರ್ಡ್‌ಲೆಸ್ ಫೋನಿನ ಆಯ್ಕೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಈ ಎರಡನೆಯದೇ.

ಮೊಬೈಲು ಎಲ್ಲರ ಜೇಬನ್ನೂ ಸೇರಿರುವ ಈ ಕಾಲದಲ್ಲಿಯೂ ತುಮಕೂರು, ಗುಬ್ಬಿ, ಕುಣಿಗಲ್ಲುಗಳಲ್ಲಿ ಸ್ಥಿರ ದೂರವಾಣಿಯನ್ನು ಉಳಿಸಿಕೊಂಡ ಮನೆಗಳುಂಟು. ಬಹುಮಟ್ಟಿಗೆ ಅವು ಹಿರಿಯರಿರುವ ಮನೆಗಳು. ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ಇರುವ ಮಕ್ಕಳಿಗೆ ಬಾಯಿಪಾಠವಾಗಿರುವುದು ಆ ಹಳೆಯ ಸಂಖ್ಯೆಯೇ. ಆದರೆ ನಡುಮನೆಯಲ್ಲಿ ಗಂಟೆ ಬಾರಿಸಿದಾಗ ಮಲಗುವ ಕೋಣೆಯಿಂದ ಆತುರಾತುರವಾಗಿ ಎದ್ದುಬರುವ ವೃದ್ಧರು ಕಾಲು ಜಾರಿ ಬೀಳುವ ಭಯವುಂಟು. ಹಾಸಿಗೆಯ ಬಳಿಯಲ್ಲಿಯೇ ಹ್ಯಾಂಡ್‌ಸೆಟ್ಟು ಇದ್ದರೆ ಆ ಭಯ ತಪ್ಪುತ್ತದೆ. ಕಾರ್ಡ್‌ಲೆಸ್ ಫೋನನ್ನು ಕೊಳ್ಳಲು ಈ ಒಂದು ಕಾರಣವೇ ಸಾಕು.

ಆದರೆ ಅದರ ರೀತಿಯನ್ನು ತಿಳಿದಿರಬೇಕು. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯ ಹಳೆಯ ಫೋನುಗಳಿಗೆ ಮನೆಯ ವಿದ್ಯುತ್ತು ಬೇಕಿರಲಿಲ್ಲ. ವಿನಿಮಯ ಕೇಂದ್ರದ 48 ವೋಲ್ಟಿನ ಬ್ಯಾಟರಿಯಿಂದ ತಾಮ್ರದ ತಂತಿಯಲ್ಲಿ ಹರಿದುಬರುವ ಶಕ್ತಿಯೇ ಅವಕ್ಕೆ ಸಾಕಾಗಿತ್ತು. ಊರೆಲ್ಲ ಕತ್ತಲಾದರೂ ಅವು ಮಾತನಾಡುತ್ತಿದ್ದವು. ಕಾರ್ಡ್‌ಲೆಸ್ ಫೋನಿನ ಪೀಠವಾದರೋ ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನೇ ನಂಬಿದೆ. ಕರೆಂಟು ಹೋದ ಕ್ಷಣದಲ್ಲಿ ಪೀಠ ಮೂಕವಾಗುತ್ತದೆ. ಹ್ಯಾಂಡ್‌ಸೆಟ್ಟಿನ ಬ್ಯಾಟರಿ ತುಂಬಿದ್ದರೂ ಪ್ರಯೋಜನವಿಲ್ಲ. ಆದುದರಿಂದ ತಾಮ್ರದ ತಂತಿಯುಳ್ಳ ಮನೆಯಲ್ಲಿ ಅದೇ ಲೈನಿಗೆ ಒಂದು ಸಾದಾ ಒತ್ತುಗುಂಡಿಯ ಫೋನನ್ನೂ ಜೋಡಿಸಿಡುವುದು ವಿವೇಕ.

ಈಚಿನ ವರ್ಷಗಳಲ್ಲಿ ಬಿ.ಎಸ್.ಎನ್.ಎಲ್. ಸಂಸ್ಥೆಯ ತಾಮ್ರದ ತಂತಿ ಹಲವು ಕಡೆ ಫೈಬರಿಗೆ ಎಡೆಗೊಟ್ಟಿದೆ. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ತು ಹರಿಯುವುದಿಲ್ಲ. ಅಂತಹ ಮನೆಯಲ್ಲಿ ಮೋಡೆಮ್ ಪೆಟ್ಟಿಗೆ ಆರಿದರೆ ಸಾದಾ ಫೋನು ಕೂಡ ನಿಶ್ಶಬ್ದವಾಗುತ್ತದೆ. ಅಲ್ಲಿ ಮೋಡೆಮ್ಮಿಗೂ ಫೋನಿನ ಪೀಠಕ್ಕೂ ಯು.ಪಿ.ಎಸ್. ಅಥವಾ ಇನ್ವರ್ಟರಿನ ಆಸರೆ ಇರಲೇಬೇಕು. ಯಾವ ಕಂಪನಿಯ ಫೋನು ಎಂದು ಕೇಳುವ ಮೊದಲು, ಮನೆಗೆ ಬಂದಿರುವ ಲೈನು ಯಾವುದು ಎಂದು ತಿಳಿಯುವುದು ಅಗತ್ಯ.

ಇನ್ನು ಮನೆಯ ಮಾತು. ಡೆಕ್ಟ್ ಎಂಬ ವಿಧಾನದ ಫೋನುಗಳು ಬಯಲಿನಲ್ಲಿ 300 ಮೀಟರು, ಮನೆಯೊಳಗೆ 50 ಮೀಟರು ಮುಟ್ಟುತ್ತವೆಂದು ತಯಾರಕರು ಹೇಳುತ್ತಾರೆ. ಅದು ಅನುಕೂಲ ಸನ್ನಿವೇಶದ ಲೆಕ್ಕ. ಹಳೆಯ ಮನೆಯ ದಪ್ಪನಾದ ಮಣ್ಣುಗೋಡೆಯನ್ನು, ಹೊಸ ಮನೆಯ ಕಾಂಕ್ರೀಟು ತಾರಸಿಯನ್ನು ದಾಟುವಾಗ ರೇಡಿಯೋ ಅಲೆ ಸೊರಗುತ್ತದೆ. ಪೀಠವನ್ನು ಮನೆಯ ನಡುಭಾಗದಲ್ಲಿ, ತುಸು ಎತ್ತರದಲ್ಲಿ, ಉಕ್ಕಿನ ಬೀರುವಿನಿಂದ ದೂರವಾಗಿ ಇಡಬೇಕು. ಮಹಡಿಯ ಮನೆಯಾದರೆ ಒಂದೇ ಪೀಠಕ್ಕೆ ಎರಡು ಹ್ಯಾಂಡ್‌ಸೆಟ್ಟುಗಳಿರುವ ಜೋಡಿಯೇ ಲೇಸು. ಒಳಮಾತುಕತೆಗೂ ಅದು ಒದಗುತ್ತದೆ. 2.4 ಗಿಗಾಹರ್ಟ್ಸಿನ ಫೋನಿಗಿಂತ ಡೆಕ್ಟ್ ಉತ್ತಮ. ಏಕೆಂದರೆ ವೈ-ಫೈ ಮತ್ತು ಮೈಕ್ರೋವೇವ್ ಒಲೆಗಳು ಆ 2.4ರ ಹಾದಿಯಲ್ಲಿಯೇ ಗದ್ದಲವೆಬ್ಬಿಸುತ್ತವೆ.

ಅಮೆರಿಕದಿಂದ ಮಕ್ಕಳು ತರುವ ಉಡುಗೊರೆಯ ಬಗ್ಗೆಯೂ ಎಚ್ಚರ ಬೇಕು. ಅಲ್ಲಿನ ಡೆಕ್ಟ್ 6.0 ಫೋನುಗಳು 1920ರಿಂದ 1930 ಮೆಗಾಹರ್ಟ್ಸಿನಲ್ಲಿ ನಡೆಯುತ್ತವೆ. ಭಾರತದಲ್ಲಿ ಆ ಹಾದಿ ಮೊಬೈಲು ಜಾಲಕ್ಕೆ ಸೇರಿದ್ದು. ಅದೂ ಅಲ್ಲದೆ 120 ವೋಲ್ಟಿಗೆಂದೇ ಮಾಡಿದ ಅಡಾಪ್ಟರನ್ನು ಇಲ್ಲಿನ 230 ವೋಲ್ಟಿಗೆ ಸಿಕ್ಕಿಸಿದರೆ ಸುಟ್ಟುಹೋದೀತು.

ಗುಂಡಿಗಳು ದೊಡ್ಡವಾಗಿರಲಿ, ಅಂಕೆಗಳು ಬೆಳಗಲಿ, ದನಿಯನ್ನು ಏರಿಸುವ ಸೌಕರ್ಯವಿರಲಿ. ಹಲವು ಹ್ಯಾಂಡ್‌ಸೆಟ್ಟುಗಳಲ್ಲಿ ಎರಡು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಗಳಿರುತ್ತವೆ. ಅವು ಸವೆದಾಗ ಅದೇ ಜಾತಿಯವನ್ನೇ ಹಾಕಬೇಕು. ಮರುಚಾರ್ಜಾಗದ ಸೆಲ್ಲುಗಳನ್ನು ಹಾಕಿ ಪೀಠದ ಮೇಲಿಡುವುದು ಅಪಾಯ.

ಸಂಖ್ಯೆಗಳನ್ನು ಫೋನಿನ ನೆನಪಿನಲ್ಲಿ ತುಂಬುವಾಗ ಒಂದು ನಿಯಮವನ್ನು ಮರೆಯಬಾರದು. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮುಂದೆ ಸೊನ್ನೆ ಸೇರಿಸಬೇಕು. ಬಂದ ಕರೆಯ ಸಂಖ್ಯೆ ತೆರೆಯ ಮೇಲೆ ಸೊನ್ನೆಯಿಲ್ಲದೆ ಕಂಡಿದ್ದು, ಅದನ್ನೇ ಒತ್ತಿದರೆ ಕರೆ ಹೋಗದು. ನೆಂಟರಿಷ್ಟರ ಮನೆಯ ಸಂಖ್ಯೆಗಳನ್ನೂ ತುಮಕೂರಿಗೆ 0816, ಗುಬ್ಬಿಗೆ 08131, ಕುಣಿಗಲ್ಲಿಗೆ 08132 ಎಂಬ ಸಂಕೇತ ಸಮೇತವಾಗಿ ಬರೆದಿಡುವುದು ಒಳ್ಳೆಯದು.

ಬೇಸಗೆಯ ಕೊನೆಯ ಗುಡುಗು ಮಳೆಯಲ್ಲಿ ತಂತಿಯ ಫೋನನ್ನು ಮುಟ್ಟದಿರುವುದೇ ಕ್ಷೇಮ. ಹ್ಯಾಂಡ್‌ಸೆಟ್ಟು ಹಿಡಿದವರಿಗೆ ಆ ಭಯವಿಲ್ಲ. ಆದರೆ ಸಿಡಿಲು ವಿದ್ಯುತ್ ತಂತಿಯಿಂದಲೂ ಲೈನಿನಿಂದಲೂ ಬಂದು ಪೀಠವನ್ನು ಸುಟ್ಟೀತು. ಮೋಡ ಕವಿಯುತ್ತಲೇ ಎರಡನ್ನೂ ಕಳಚಿಡಬೇಕು. ಮಳೆ ನಿಂತ ಮೇಲೆ ಮರಳಿ ಸಿಕ್ಕಿಸುವುದನ್ನು ಮರೆಯಬಾರದು.

ಫೋನು ಮನೆಗೆ ಬಂದ ಮೇಲೆ ಒಂದು ಪರೀಕ್ಷೆ ಉಳಿದಿದೆ. ಒಂದು ಸಂಜೆ ಮೇನ್ ಸ್ವಿಚ್ಚನ್ನು ಆರಿಸಿ, ಮನೆಯ ಹಿರಿಯರೇ ಬೇರೆ ಯಾರ ನೆರವೂ ಇಲ್ಲದೆ ಮಗನಿಗೋ ಮಗಳಿಗೋ ಒಂದು ಕರೆ ಮಾಡಲಿ. ತುರ್ತಿನ 112 ಮತ್ತು ಆಂಬುಲೆನ್ಸಿನ 108 ಎಂಬ ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಪಕ್ಕದಲ್ಲಿ ಅಂಟಿಸಿರಲಿ. ಆ ಕತ್ತಲೆಯಲ್ಲಿ ಕರೆ ಹೋಯಿತೆಂದರೆ ಕೊಟ್ಟ ಹಣ ಸಾರ್ಥಕ. ಹೋಗದಿದ್ದರೆ, ಕೊರತೆ ಎಲ್ಲಿದೆಯೆಂದು ಆ ಸಂಜೆಯೇ ತಿಳಿದುಬಂದದ್ದು ಲಾಭವಲ್ಲವೆ?