ಗೇಟಿನಲ್ಲಿ ನಿಂತವರನ್ನು ಒಳಗೆ ಕರೆಯಿರಿ



2023ರ ಮೇ 10, ವಿಧಾನಸಭೆ ಚುನಾವಣೆಯ ದಿನ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯ ಅಜ್ಜಿಯನ್ನು ಕೈಹಿಡಿದು ಮತಗಟ್ಟೆಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಆಗ 78 ವರ್ಷ. ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು, ಮತದಾರರ ಗುರುತಿನ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬೆಳಿಗ್ಗೆ ಏಳಕ್ಕೇ ತಯಾರಾಗಿ ಕೂತಿದ್ದರು. ಸರದಿ ಬಂತು. ಅಧಿಕಾರಿ ಪಟ್ಟಿಯ ಮೇಲೆ ಸ್ಕೇಲಿಟ್ಟು ಒಂದೊಂದೇ ಸಾಲು ಇಳಿಸುತ್ತಾ ಬಂದು ಒಂದು ಕಡೆ ನಿಂತರು. ಹೆಸರೇನೋ ಇತ್ತು. ಆದರೆ ಆ ಚೌಕದ ಮೇಲೆ ಅಡ್ಡಲಾಗಿ ‘ಡಿಲೀಟೆಡ್’ ಎಂದು ಅಚ್ಚಾಗಿತ್ತು. ಪಕ್ಕದಲ್ಲಿ ‘ಎಸ್’ ಎಂಬ ಒಂಟಿ ಅಕ್ಷರ. ಎಸ್ ಅಂದರೆ ಶಿಫ್ಟೆಡ್. ಮನೆ ಬಿಟ್ಟು ಬೇರೆ ಕಡೆ ಹೋಗಿದ್ದಾರೆ ಎಂದು ಅರ್ಥ.

“ನಾನೆಲ್ಲಿಗೆ ಹೋದೆ ಮಗಾ? ಮೊಣಕಾಲು ನೋವು ಅಂತ ಮೆಟ್ಟಿಲೇ ಇಳಿದಿಲ್ವಲ್ಲ!” ಎಂದರು ಅಜ್ಜಿ.

ಅವರು ಅದೇ ಮನೆಯಲ್ಲಿ 22 ವರ್ಷದಿಂದ ಇದ್ದಾರೆ. ಅಧಿಕಾರಿಗೂ ಬೇಜಾರಾಯಿತು, ಆದರೆ ಅವರು ಮಾಡುವಂಥದ್ದು ಏನೂ ಉಳಿದಿರಲಿಲ್ಲ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆ ಮುಗಿಯುವ ತನಕ ಪಟ್ಟಿಗೆ ಹೆಸರು ಸೇರಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಕೈಯಲ್ಲಿ ಗುರುತಿನ ಚೀಟಿ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಓಟಿಲ್ಲ. ಚೀಟಿ ನೀವು ಯಾರೆಂದು ಹೇಳುತ್ತದೆ, ಅಷ್ಟೇ. ಓಟಿನ ಹಕ್ಕು ಇರುವುದು ಪಟ್ಟಿಯಲ್ಲಿ. ವಾಪಸ್ ಬರುವಾಗ ಅಜ್ಜಿ ಆಟೊದಲ್ಲಿ ಮಾತೇ ಆಡಲಿಲ್ಲ. ಬಲಗೈಯಿಂದ ಎಡಗೈಯ ತೋರುಬೆರಳನ್ನು ಸವರಿಕೊಳ್ಳುತ್ತಾ ಕೂತಿದ್ದರು.

ಮರುವಾರ, ಮನೆಮನೆಗೆ ಬಂದು ಪಟ್ಟಿ ಪರಿಶೀಲಿಸುವ ನಮ್ಮ ಭಾಗದ ಬೂತ್ ಮಟ್ಟದ ಅಧಿಕಾರಿಯನ್ನು ಹುಡುಕಿಕೊಂಡು ಹೋದೆ. ಅವರು ಅಂಗನವಾಡಿ ಕಾರ್ಯಕರ್ತೆ. ಮಕ್ಕಳಿಗೆ ಊಟ ಬಡಿಸುತ್ತಿದ್ದವರು ಕೈ ತೊಳೆದುಕೊಂಡು ಬಂದು ಒಂದು ಉದ್ದ ನೋಟ್‌ಬುಕ್ ತೆಗೆದು ತೋರಿಸಿದರು. ನಮ್ಮ ಕಟ್ಟಡದ ಹೆಸರಿನ ಎದುರಿಗೆ ಮೂರು ತಾರೀಖುಗಳು. ಮೂರರ ಮುಂದೆಯೂ ಒಂದೇ ಮಾತು: ‘ಒಳಗೆ ಬಿಡಲಿಲ್ಲ.’ ಮೂರನೇ ಸಲ ಬಂದಾಗ ಕಾವಲಿನ ಹುಡುಗ ಇಂಟರ್‌ಕಾಮ್ ಒತ್ತಿದ್ದಾನೆ, ಅಜ್ಜಿ ಆಸ್ಪತ್ರೆಯಲ್ಲಿದ್ದುದರಿಂದ ಯಾರೂ ಎತ್ತಿಲ್ಲ. “ಆ ಮನೇಲಿ ಯಾರೂ ಇಲ್ಲ” ಎಂದು ಹೇಳಿ ಕಳಿಸಿದ್ದಾನೆ. “ಬಿಸಿಲಲ್ಲಿ ಎಷ್ಟು ಹೊತ್ತು ಅಂತ ನಿಲ್ಲಲಿ ಸಾರ್?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಡೆಲಿವರಿ ಹುಡುಗರಿಗೆ ದಿನಕ್ಕೆ ನೂರು ಸಲ ತೆರೆಯುವ ಆ ಗೇಟಿನ ನಿಯಮ ಮಾಡಿದವರು ನಾವೇ, ನಿವಾಸಿಗಳ ಸಂಘದ ಸಭೆಯಲ್ಲಿ ಕೈ ಎತ್ತಿ.

ಹದಿನೇಳು ವರ್ಷದಿಂದ ನಾನು ಸಾಫ್ಟ್‌ವೇರ್ ಕಂಪನಿಗಳಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನಮ್ಮ ಕಸುಬಿನಲ್ಲಿ ಎಲ್ಲರೂ ಹೆದರುವ ಆಜ್ಞೆ ಅಳಿಸುವುದು. ಗ್ರಾಹಕನೊಬ್ಬನ ಹಳೆಯ ವಿಳಾಸವನ್ನು ತೆಗೆಯಬೇಕೆಂದರೂ ಯಾರು ತೆಗೆದರು, ಯಾವ ಹೊತ್ತಿಗೆ, ಯಾರ ಒಪ್ಪಿಗೆಯಿಂದ, ಯಾವ ಕಾರಣಕ್ಕೆ ಎಂಬುದೆಲ್ಲ ಲಾಗ್‌ನಲ್ಲಿ ದಾಖಲಾಗುತ್ತದೆ. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ತಪ್ಪಾದರೆ ಅರ್ಧ ಗಂಟೆಯಲ್ಲಿ ಹಿಂದಕ್ಕೆ ತರಬಹುದು. ಬಟ್ಟೆ ಮಾರುವ ಆ್ಯಪ್‌ಗೆ ಇಷ್ಟು ಜೋಪಾನ. ಓಟಿನ ಪಟ್ಟಿಯಲ್ಲಿ ತಪ್ಪಾದರೆ ಅಜ್ಜಿ ಮುಂದಿನ ವಿಧಾನಸಭೆ ಚುನಾವಣೆಗೆ ಐದು ವರ್ಷ ಕಾಯಬೇಕು.

ಇದು ಒಂದು ಮನೆಯ ಕಥೆ. ಇದೇ ಚುನಾವಣೆಗೆ ಮೊದಲು ಕಲಬುರಗಿ ಜಿಲ್ಲೆಯ ಆಳಂದದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಹೆಸರು ತೆಗೆಯಬೇಕೆಂದು ಕೋರುವ ಅರ್ಜಿಗೆ ನಮೂನೆ 7 ಎನ್ನುತ್ತಾರೆ. ಆ ಒಂದೇ ಕ್ಷೇತ್ರದಲ್ಲಿ ಆನ್‌ಲೈನ್ ಮೂಲಕ ಇಂಥ 6,018 ಅರ್ಜಿಗಳು ಬಂದವು. ಅದು ಬೆಳಕಿಗೆ ಬಂದದ್ದು ಯಾವ ಸರ್ವರ್‌ನಿಂದಲೂ ಅಲ್ಲ, ಸೈಬರ್ ತಜ್ಞರಿಂದಲೂ ಅಲ್ಲ. ಒಬ್ಬ ಬೂತ್ ಮಟ್ಟದ ಅಧಿಕಾರಿಗೆ ತಮ್ಮ ಬಂಧುವಿನ ಹೆಸರೇ ತೆಗೆಯುವ ಪಟ್ಟಿಯಲ್ಲಿ ಕಣ್ಣಿಗೆ ಬಿತ್ತು. ಅರ್ಜಿ ಕೊಟ್ಟವರೆಂದು ದಾಖಲಾಗಿದ್ದವರು ನೆರೆಮನೆಯವರು. ಹೋಗಿ ಕೇಳಿದರೆ ಅವರಿಗೆ ಆ ಅರ್ಜಿಯ ಸುದ್ದಿಯೇ ಗೊತ್ತಿಲ್ಲ. ಆಮೇಲೆ ಮನೆಮನೆಗೆ ಹೋಗಿ ಪರಿಶೀಲಿಸಿದಾಗ 6,018ರಲ್ಲಿ ನಿಜವಾದವು 24 ಮಾತ್ರ. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು, ಆ ಹೆಸರುಗಳು ಉಳಿದುಕೊಂಡವು. 2023ರ ಫೆಬ್ರುವರಿ 21ರಂದು ದೂರು ದಾಖಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಒಂದೊಂದು ಅರ್ಜಿಗೆ 80 ರೂಪಾಯಿಯಂತೆ ಕೂಲಿ ಕೊಡಲಾಗಿತ್ತು ಎಂದು ತನಿಖೆಯ ಮೂಲಗಳನ್ನು ಉಲ್ಲೇಖಿಸಿ ಪತ್ರಿಕೆಗಳು ಬರೆದವು. ಯಾರು ಮಾಡಿಸಿದರೆಂಬುದನ್ನು ನ್ಯಾಯಾಲಯ ಹೇಳಲಿ. ನಾನು ಹೇಳುತ್ತಿರುವುದು ಬೇರೆ: ಆ ಸಾವಿರಾರು ಓಟುಗಳನ್ನು ಉಳಿಸಿದ್ದು ಕಾಲ್ನಡಿಗೆಯಲ್ಲಿ ಹೋಗಿ ಬಾಗಿಲು ತಟ್ಟಿದ ಮನುಷ್ಯರು.

ಆಳಂದದಲ್ಲಿ 2018ರ ಚುನಾವಣೆ ತೀರ್ಮಾನವಾದದ್ದು 697 ಓಟುಗಳ ಅಂತರದಲ್ಲಿ. ಅದರ ಪಕ್ಕಕ್ಕೆ 5,994 ಎಂಬ ಸಂಖ್ಯೆ ಇಟ್ಟು ನೋಡಿ. ನಮ್ಮ ಬೆಂಗಳೂರಿನ ಜಯನಗರದಲ್ಲಿ 2023ರ ಅಂತರ 16. ಸಂತೇಮರಹಳ್ಳಿಯಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು, ಎ.ಆರ್. ಕೃಷ್ಣಮೂರ್ತಿ ಸೋತದ್ದು ಒಂದೇ ಒಂದು ಓಟಿನಿಂದ. ನಮ್ಮ ಅಜ್ಜಿಯಂಥ ಹದಿನೇಳು ಜನರನ್ನು ಒಂದು ಬೀದಿಯಲ್ಲಿ ಹುಡುಕುವುದು ಕಷ್ಟವೇ?

‘ಈಗ ಒಟಿಪಿ ಬಂದಿದೆಯಲ್ಲ, ಆಧಾರ್ ಬಂದಿದೆಯಲ್ಲ, ಇನ್ನೇನು ಭಯ’ ಎಂದು ಕೇಳುವವರಿದ್ದಾರೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇದು ನನ್ನ ಕಸುಬಿನ ಮಾತು. ಒಟಿಪಿ ಹೇಳುವುದು ಆ ಕ್ಷಣಕ್ಕೆ ಆ ಸಂದೇಶ ಒಬ್ಬರ ಕಣ್ಣಿಗೆ ಬಿತ್ತು ಎಂಬುದನ್ನು. ಆ ಒಬ್ಬರು ಯಾರು, ಅವರು ಹೇಳುತ್ತಿರುವುದು ನಿಜವೇ, ನೆರೆಯವರ ಹೆಸರನ್ನು ತೆಗೆಸಲು ಅವರಿಗಿರುವ ಕಾರಣವೇನು, ಇದ್ಯಾವುದನ್ನೂ ಒಟಿಪಿ ಹೇಳುವುದಿಲ್ಲ. ಆಳಂದದ ಗಲಾಟೆ ದೇಶವ್ಯಾಪಿ ಸುದ್ದಿಯಾದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ ಚುನಾವಣಾ ಆಯೋಗ ಆನ್‌ಲೈನ್ ಅರ್ಜಿಗಳಿಗೆ ಆಧಾರ್ ಆಧಾರಿತ ಇ-ಸಹಿಯನ್ನು ಸೇರಿಸಿತು. ಒಳ್ಳೆಯದೇ, ಬೇಲಿ ಒಂದು ಮೊಳ ಎತ್ತರವಾಯಿತು. ಆದರೆ ಸಹಿ ಅಸಲಿಯಾದ ಮಾತ್ರಕ್ಕೆ ಸಹಿಯ ಮೇಲಿರುವ ಮಾತು ಅಸಲಿಯಾಗುವುದಿಲ್ಲ. ‘ಈ ಮನೆಯವರು ಊರು ಬಿಟ್ಟಿದ್ದಾರೆ’ ಎಂಬುದು ನಿಜವೋ ಸುಳ್ಳೋ ಗೊತ್ತಾಗುವುದು ಆ ಮನೆಯ ಹೊಸ್ತಿಲಲ್ಲಿ.

ಯಂತ್ರವನ್ನೇ ನಂಬಿ ಹೊಸ್ತಿಲನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಪಕ್ಕದ ತೆಲಂಗಾಣ ಕಂಡಿದೆ. 2015ರ ಸುಮಾರಿಗೆ ಆಧಾರ್ ಜೋಡಣೆಯ ಹೆಸರಿನಲ್ಲಿ ಅಲ್ಲಿ ಪಟ್ಟಿ ಶುದ್ಧೀಕರಣ ನಡೆಯಿತು. 2018ರ ಡಿಸೆಂಬರ್‌ನಲ್ಲಿ ಜನ ಮತಗಟ್ಟೆಗೆ ಹೋದರೆ ಹೆಸರೇ ಇಲ್ಲ. ರಾಜ್ಯದ ಮುಖ್ಯ ಚುನಾವಣಾಧಿಕಾರಿ ಬಹಿರಂಗವಾಗಿ ಕ್ಷಮೆ ಕೇಳಿದರು. ಬಿಹಾರದಲ್ಲಿ 2025ರ ಆಗಸ್ಟ್ 1ರ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗುಳಿದಾಗ, ಯಾರ ಹೆಸರು, ಯಾವ ಕಾರಣಕ್ಕೆ ಎಂಬುದನ್ನು ಜನ ಹುಡುಕಿ ನೋಡುವಂತೆ ಪ್ರಕಟಿಸಿ ಎಂದು ಹೇಳಲು ಸುಪ್ರೀಂ ಕೋರ್ಟೇ ಬರಬೇಕಾಯಿತು. ಅಳಿಸುವವರು ಕಾರಣ ಹೇಳಬೇಕೆಂಬ ನಮ್ಮ ಕಸುಬಿನ ಮೊದಲ ಪಾಠ ಅಲ್ಲಿ ನ್ಯಾಯಾಲಯದ ಆದೇಶವಾಯಿತು.

ಇನ್ನು ಕನ್ನಡದ್ದೇ ಆದ ಒಂದು ತೊಡಕಿದೆ. ಆನ್‌ಲೈನ್‌ನಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ಯಂತ್ರ ಅದನ್ನು ಕನ್ನಡಕ್ಕೆ ತಿರುಗಿಸುತ್ತದೆ. ಇಂಗ್ಲಿಷ್‌ನಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ, ನ, ಣ ಎರಡಕ್ಕೂ ಒಂದೇ, ಅ, ಆ ಎರಡಕ್ಕೂ ಒಂದೇ. ಹೀಗಾಗಿ ಕಾಳಮ್ಮ ಕಾಲಮ್ಮ ಆಗುತ್ತಾರೆ, ಶಾಂತಾ ಶಂತ ಆಗುತ್ತಾರೆ, ಬಾಣಪ್ಪ ಬನಪ್ಪ ಆಗುತ್ತಾರೆ. ಹೆಸರು ಕೊಟ್ಟು ಹುಡುಕಿದಾಗ ‘ಯಾವುದೇ ದಾಖಲೆ ಸಿಗಲಿಲ್ಲ’ ಎಂದು ಬಂದರೆ ಗಾಬರಿಯಾಗಿ ಹೊಸದಾಗಿ ಹೆಸರು ಸೇರಿಸುವ ನಮೂನೆ 6 ತುಂಬಬೇಡಿ. ಎರಡು ಕಡೆ ಹೆಸರು ಬಂದು, ಆಮೇಲೆ ಪುನರಾವರ್ತನೆ ಎಂದು ಇರುವುದೂ ಹೋದೀತು. ಗುರುತಿನ ಚೀಟಿಯ ಮೇಲಿರುವ ಮೂರು ಅಕ್ಷರ, ಏಳು ಅಂಕಿಯ ಸಂಖ್ಯೆಯಿಂದ ಹುಡುಕಿ. ಅದರಲ್ಲಿ ಕಾಗುಣಿತದ ಕಾಟವಿಲ್ಲ. ಹೆಸರು ತಪ್ಪಾಗಿದ್ದರೆ ನಮೂನೆ 8ರಲ್ಲಿ ತಿದ್ದಿಸಿ. ಫೋನಿನಲ್ಲಿ ಕೇಳಬೇಕೆಂದರೆ 1950.

ಹೆಸರಿನ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಸ್ವತಂತ್ರ ಭಾರತದ ಮೊದಲ ಚುನಾವಣೆಗೆ ಪಟ್ಟಿ ತಯಾರಾಗುವಾಗ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ, ಸುಮಾರು 28 ಲಕ್ಷ ನಮೂದುಗಳನ್ನು ಪಟ್ಟಿಯಿಂದ ಬಿಟ್ಟರು. ಮುಂದಿನ ಚುನಾವಣೆಯ ಹೊತ್ತಿಗೆ ಬಹಳಷ್ಟು ಹೆಂಗಸರು ಸ್ವಂತ ಹೆಸರಿನಲ್ಲಿ ಪಟ್ಟಿಗೆ ಬಂದರು. ಸ್ವಂತ ಹೆಸರು ಸ್ವಂತ ಕಾಗುಣಿತದಲ್ಲಿ ಪಟ್ಟಿಯಲ್ಲಿರಬೇಕು ಎಂಬುದು ಅಂದಿನಿಂದ ಬಂದ ಹಕ್ಕು.

ಮಾಧ್ಯಮದ ಗೆಳೆಯರಲ್ಲಿ ಒಂದು ಬೇಡಿಕೆ. ಆಳಂದದ ಸುದ್ದಿ ದೊಡ್ಡದಾದ ದಿನಗಳಲ್ಲಿ ನಾನು ಸಂಜೆಯೆಲ್ಲ ಟಿವಿ ಮುಂದೆ ಕೂತು ನೋಡಿದೆ. ಯಾವ ಪಕ್ಷದವರು ಯಾರಿಗೆ ಏನೆಂದರು ಎಂಬುದು ಒಂದಕ್ಷರವೂ ಬಿಡದೆ ಬಂತು. ನಮೂನೆ 7 ಅಂದರೇನು, ಅದು ನನ್ನ ಮೇಲೆ ಬಿದ್ದರೆ ನನಗೆ ಹೇಗೆ ತಿಳಿಯುತ್ತದೆ, ಯಾರಿಗೆ ಹೇಳಬೇಕು ಎಂಬುದನ್ನು ವಿವರಿಸಿದ ಒಂದು ಕಾರ್ಯಕ್ರಮವೂ ನನ್ನ ಕಣ್ಣಿಗೆ ಬೀಳಲಿಲ್ಲ. ಹೆಸರು ತೆಗೆಯಲು ಬಂದ ಅರ್ಜಿಗಳನ್ನೆಲ್ಲ ಮತದಾರರ ನೋಂದಣಾಧಿಕಾರಿ ನಮೂನೆ 10ರಲ್ಲಿ ಪಟ್ಟಿ ಮಾಡಿ ಪ್ರಕಟಿಸಬೇಕೆಂದು ನಿಯಮವಿದೆ. ಜಿಲ್ಲಾ ಪುಟಗಳ ವರದಿಗಾರರೇ, ದಯವಿಟ್ಟು ಆ ಪಟ್ಟಿಯನ್ನು ಓದಿ. ಒಂದೇ ವಾರದಲ್ಲಿ ಒಂದೇ ಹಳ್ಳಿಯ 40 ಹೆಸರಿಗೆ ಅರ್ಜಿ ಬಿದ್ದಿದ್ದರೆ ಅದು ಸುದ್ದಿ, ಮತದಾನಕ್ಕೆ ಮೊದಲೇ ಬರಬೇಕಾದ ಸುದ್ದಿ. ಸುಳ್ಳು ಘೋಷಣೆ ಕೊಟ್ಟವರಿಗೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಕಲಂನಲ್ಲಿ ಒಂದು ವರ್ಷದವರೆಗೆ ಜೈಲು ಇದೆ ಎಂಬುದನ್ನೂ ಅದರ ಜೊತೆಗೇ ಬರೆಯಿರಿ.

ರಾಜಕೀಯ ಪಕ್ಷಗಳಿಗೂ ಇದೇ ಮಾತು. ನಿಮ್ಮ ಐಟಿ ಸೆಲ್‌ನಲ್ಲಿ ಪೋಸ್ಟರ್ ಮಾಡುವವರು ಬೇಕಾದಷ್ಟು ಜನರಿದ್ದಾರೆ. ಪ್ರತಿ ಬೂತಿಗೆ ಒಬ್ಬ ಏಜೆಂಟನನ್ನು ನೇಮಿಸಲು ಆಯೋಗವೇ ಅವಕಾಶ ಕೊಟ್ಟಿದೆ. ಆ ಏಜೆಂಟರು ವರ್ಷವಿಡೀ ಪಟ್ಟಿ ನೋಡಲಿ, ಎದುರು ಪಕ್ಷದವರ ಮನೆಯ ಹೆಸರು ಬಿಟ್ಟುಹೋಗಿದ್ದರೂ ಹೇಳಲಿ.

ನನ್ನಂತೆಯೇ ಕಂಪ್ಯೂಟರ್ ಮುಂದೆ ದುಡಿಯುವವರಲ್ಲಿ ನಾನು ಹೆಚ್ಚಿನದನ್ನು ಕೇಳುತ್ತೇನೆ. ಆಯೋಗ ಪ್ರಕಟಿಸುವ ಪಟ್ಟಿಗಳು ಬಹುಪಾಲು ಚಿತ್ರರೂಪದ ಪಿಡಿಎಫ್‌ಗಳು. ಅವುಗಳೊಳಗೆ ಒಂದು ಹೆಸರನ್ನು ಹುಡುಕಲು ಯಂತ್ರಕ್ಕೂ ಕಷ್ಟ. ಖಾಸಗಿ ವಿವರ ಸೋರಬಾರದು ಎಂಬ ಕಾಳಜಿಯನ್ನು ನಾನು ಒಪ್ಪುತ್ತೇನೆ, ಎಲ್ಲರ ವಿವರವನ್ನೂ ಬೀದಿಗೆ ಸುರಿಯಿರಿ ಎನ್ನುತ್ತಿಲ್ಲ. ನನ್ನ ಹೆಸರಿನ ಮೇಲೆ ಅರ್ಜಿ ಬಿದ್ದ ಕೂಡಲೇ ನನ್ನ ಮೊಬೈಲಿಗೆ ಕನ್ನಡದಲ್ಲಿ ಒಂದು ಸಂದೇಶ ಬರಲಿ, ಯಾರು, ಯಾವಾಗ, ಯಾವ ಕಾರಣ ಕೊಟ್ಟು ಕೇಳಿದರೆಂಬುದು ನನಗೆ ಕಾಣಲಿ, ಮೊಬೈಲ್ ಇಲ್ಲದವರ ಮನೆಗೆ ಕಾಗದ ಹೋಗಲಿ. ಬ್ಯಾಂಕಿನಿಂದ 100 ರೂಪಾಯಿ ತೆಗೆದರೆ ಸಂದೇಶ ಬರುವ ವ್ಯವಸ್ಥೆಯನ್ನು ಕಟ್ಟಿದ್ದು ನಾವೇ ಅಲ್ಲವೇ? ಇದನ್ನು ಬರಹದಲ್ಲಿ ಕೇಳಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ನಾನು ಒಂದು ಪತ್ರ ಹಾಕಿದ್ದೇನೆ. ಒಂದು ಪತ್ರ ಕಡತದಲ್ಲಿ ಮಲಗೀತು. ಸಾವಿರ ಪತ್ರ ಹೋಗಲಿ.

ಮತ್ತೆ ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಒಂದು ಭಾಗದ ಪಟ್ಟಿಯಲ್ಲಿ ಸಾಮಾನ್ಯವಾಗಿ ಸಾವಿರದ ಆಸುಪಾಸು ಹೆಸರಿರುತ್ತವೆ, ನಿಮ್ಮ ಬೀದಿಯದ್ದು ಐದಾರು ಪುಟ. ಮುದ್ರಿಸಿಕೊಂಡು ನಾಲ್ಕು ಜನ ಕೂತು ಗಟ್ಟಿಯಾಗಿ ಓದಿ. ತೀರಿಕೊಂಡವರ ಹೆಸರು ಇದ್ದರೆ ಗುರುತು ಹಾಕಿ, ಇರುವವರ ಹೆಸರು ಬಿಟ್ಟುಹೋಗಿದ್ದರೆ ಅವರ ಮನೆ ಬಾಗಿಲು ತಟ್ಟಿ. ಬಾಡಿಗೆ ಮನೆಯವರನ್ನು, ಕಟ್ಟಡ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದವರನ್ನು, ಒಂಟಿ ಮುದುಕರನ್ನು ಮೊದಲು ಕೇಳಿ. ಅಳಿಸಿಹೋಗುವ ಹೆಸರುಗಳು ಹೆಚ್ಚಾಗಿ ಅವರವೇ, ಕೇಳಲು ಹೋಗುವವರೂ ಇಲ್ಲದವರು ಅವರೇ. ಹಳ್ಳಿಯಲ್ಲಿ ಇದನ್ನು ಅರಳಿಕಟ್ಟೆಯ ಮೇಲೆ ಕೂತು ಮಾಡಬಹುದು. ಅಲ್ಲಿ ಎಲ್ಲರಿಗೂ ಎಲ್ಲರ ಹೆಸರು ಗೊತ್ತು. ನಗರದಲ್ಲೇ ಕಷ್ಟ. ಎದುರು ಮನೆಯವರ ಹೆಸರು ನಮಗೆ ತಿಳಿದಿರುವುದಿಲ್ಲ.

ನಮ್ಮ ಕಟ್ಟಡದಲ್ಲಿ ನಾವು ಮಾಡಿದ್ದು ಇಷ್ಟು. ಅಜ್ಜಿಗೆ ನಮೂನೆ 6 ತುಂಬಿಸಿದೆವು. ಅಂಗನವಾಡಿಯ ಆ ತಾಯಿಯನ್ನು ಕರೆದು ಸಭೆಯಲ್ಲಿ ಕೂರಿಸಿ ಕ್ಷಮೆ ಕೇಳಿದೆವು. 2024ರ ಏಪ್ರಿಲ್ 26ರಂದು ಲೋಕಸಭೆಗೆ ಮತದಾನ ನಡೆದಾಗ ಅಜ್ಜಿ ಅದೇ ಸೀರೆ ಉಟ್ಟು ಬಂದು ಓಟು ಹಾಕಿದರು. ಕಾವಲಿನವರ ಮೇಜಿನ ಮೇಲೆ ಈಗ ಗಾಜಿನಡಿ ಒಂದು ಚೀಟಿಯಿದೆ, ನಾನೇ ಕೈಯಿಂದ ಬರೆದದ್ದು: ‘ಬೂತ್ ಮಟ್ಟದ ಅಧಿಕಾರಿ ಬಂದರೆ ಒಳಗೆ ಕೂರಿಸಿ, ನೀರು ಕೊಡಿ, ಪ್ರತಿ ಮಹಡಿಗೂ ಜೊತೆಯಲ್ಲಿ ಹೋಗಿ. ಇಂಟರ್‌ಕಾಮ್ ಎತ್ತದಿದ್ದರೆ ಮನೆಯಲ್ಲಿ ಯಾರೂ ಇಲ್ಲ ಎಂದು ಹೇಳಬೇಡಿ, ಈ ನಂಬರಿಗೆ ಫೋನ್ ಮಾಡಿ.’ ಕೆಳಗೆ ಪ್ರತಿ ಮಹಡಿಯ ಒಬ್ಬರ ನಂಬರ್ ಇದೆ. ನಿಮ್ಮ ಗೇಟಿಗೂ ಇಂಥದ್ದೊಂದು ಚೀಟಿಯನ್ನು ಈ ವಾರವೇ ಬರೆದು ಅಂಟಿಸಿ.