ಬುತ್ತಿಯ ಗಂಟೂ ಕಲೆಯೂ

ಫ್ರೆಂಚ್ ಚಿತ್ರಕಾರ ಬೂಶೆ 1739ರಲ್ಲಿ ಬರೆದ ಚಿತ್ರವೊಂದರ ವಿಷಯ ಬೆಳಗಿನ ಉಪಾಹಾರ. ಕಿಟಕಿಯ ಬೆಳಕು, ಪುಟ್ಟ ಮೇಜು, ಕೈಯಲ್ಲಿ ಬಟ್ಟಲು, ಬಳಿಯಲ್ಲಿ ಮಕ್ಕಳು; ಇಷ್ಟೇ. ಇಂದು ಅದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ.

ಅದರ ಪ್ರತಿಯನ್ನು ಕಂಡಾಗ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಬಬಲೇಶ್ವರದಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಬರುವ ನಾನು ಬುತ್ತಿಯ ಗಂಟನ್ನು ಯಾರಿಗೂ ಕಾಣದಂತೆ ಬಿಚ್ಚುತ್ತಿದ್ದೆ. ಅದರಲ್ಲಿದ್ದುದು ಬಿಳಿಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು. ತಿಕೋಟಾದ ಗೆಳೆಯನ ಬುತ್ತಿಯಲ್ಲಾದರೆ ಒಣದ್ರಾಕ್ಷಿಯೂ ಉಂಟು. ನಸುಕಿನಲ್ಲಿ ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೊಂದು ತಾಳವಿದೆ. ಒಲೆಯ ಉರಿ ಅವಳ ಮುಖಕ್ಕೆ ಬಳಿಯುವ ಬಣ್ಣ ಯಾವ ಕಿಟಕಿಯ ಬೆಳಕಿಗೂ ಕಡಿಮೆಯದಲ್ಲ.

ನಾಲಿಗೆಯ ರುಚಿಗೂ ಕಲೆಯ ಸವಿಗೂ ನಮ್ಮ ಹಿರಿಯರು 'ರಸ'ವೆಂಬ ಒಂದೇ ಮಾತನ್ನಿಟ್ಟರು. ಈ ಊರನ್ನಾಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹನು ತನ್ನ ಹಾಡುಗಳ ಗ್ರಂಥಕ್ಕೆ ನವರಸದ ಹೆಸರನ್ನೇ ಕೊಟ್ಟನು. ಅಂಥ ಊರಿನಲ್ಲಿ ಚಿತ್ರ ಬರೆಯುವ ನಾವು, ಎಂದೂ ಕಾಣದ ಹಿಮಪರ್ವತಗಳನ್ನೇ ಬರೆಯುತ್ತೇವೆ! ಬೂಶೆ ತನ್ನ ಕಾಲದ ಮನೆಯೊಳಗೆ ಕಣ್ಣಿಟ್ಟನು. ನಾವೂ ನಮ್ಮ ಅಡಿಗೆಮನೆಯತ್ತ ಒಮ್ಮೆ ನೋಡಬಾರದೇಕೆ?

ನಾನಂತೂ ಈಗ ಬುತ್ತಿಯನ್ನು ಎಲ್ಲರ ನಡುವೆ ಬಿಚ್ಚುತ್ತೇನೆ.